ಕೂಫಾದ ಮುಚ್ಚಿದ ಬಾಗಿಲುಗಳು

ಮುಹರ್ರಮ್ ತಿಂಗಳು ಬಂತೆಂದರೆ ಕರ್ಬಲಾದ ಸ್ಮರಣೆ ಮರುಕಳಿಸುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಮರೆಂಬ ಭೇದವಿಲ್ಲದೆ ಜನರು ರಿವಾಯತ್ ಪದಗಳನ್ನು ಹಾಡುತ್ತಾರೆ. ಮಸೀದಿಗಳಲ್ಲಿ ಆಶೂರಾದ ಉಪವಾಸದ ಮಹತ್ವದ ಕುರಿತು ಪ್ರವಚನಗಳು ನಡೆಯುತ್ತವೆ. ಆಚರಣೆಯ ರೀತಿ ರಿವಾಜುಗಳ ಬಗ್ಗೆ ಭಿನ್ನಾಭಿಪ್ರಾಯಗಳಿವೆ, ಇರಲಿ. ಪ್ರವಾದಿವರ್ಯರ(ಸ) ಮೊಮ್ಮಗ ಹಝ್ರತ್ ಹುಸೈನ್(ರ) ಸತ್ಯದ ಪರ ನಿಂತು ಹುತಾತ್ಮರಾದರು ಎಂಬುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಕೆಲವು ವರ್ಷಗಳ ಹಿಂದೆ ಮದ್ರಸದಲ್ಲಿ ಈ ಪಾಠ ಹೇಳುತ್ತಿದ್ದಾಗ ಒಬ್ಬ ಬಾಲಕಿ ಎದ್ದು ನಿಂತು ಕೇಳಿದಳು: "ಉಸ್ತಾದ್, ಹುಸೈನ್(ರ)ರಿಗೆ ಪತ್ರ ಬರೆದು ಕರೆದವರು ಅಷ್ಟೊಂದು ಜನರಿದ್ದರಲ್ಲ, ಆ ದಿನ ಅವರೆಲ್ಲ ಎಲ್ಲಿದ್ದರು?" ನಾವು ಆಗ ಎರಡು ಮಾತಿನಲ್ಲಿ ಉತ್ತರಿಸಿ ಮುಂದಕ್ಕೆ ಹೋದೆವು. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಕರ್ಬಲಾದ ರಣಾಂಗಣದ ಕಥೆ ನಮಗೆಲ್ಲ ಚೆನ್ನಾಗಿ ಗೊತ್ತು. ಅದಕ್ಕೆ ಒಂದು ತಿಂಗಳು ಮೊದಲು ಕೂಫಾ ನಗರದ ಬೀದಿಗಳಲ್ಲಿ ನಡೆದುದನ್ನು ಗಮನಿಸುವವರು ಕಡಿಮೆ. ಆ ಬಾಲಕಿಯ ಪ್ರಶ್ನೆಗೆ ಉತ್ತರವಿರುವುದು ಅಲ್ಲಿ.

ನಗರ ಮತ್ತು ಅದರ ಅನ್ನ

ಹಿಜರಿ 17ರಲ್ಲಿ, ಅಂದರೆ ಕ್ರಿ.ಶ. 638ರ ಸುಮಾರಿಗೆ, ಖಲೀಫ ಉಮರ್(ರ)ರ ಆದೇಶದಂತೆ ಸಅದ್ ಬಿನ್ ಅಬೀ ವಕ್ಕಾಸ್(ರ) ಯೂಫ್ರೆಟಿಸ್ ನದಿಯ ಬಳಿ ಕೂಫಾವನ್ನು ಸ್ಥಾಪಿಸಿದರು. ಅದು ಮೂಲತಃ ಸೈನಿಕರ ಶಿಬಿರ. ಅರೇಬಿಯಾದ ನಾನಾ ಗೋತ್ರಗಳ ಜನರು ಬಂದು ನೆಲೆಸಿ ಅದನ್ನು ನಗರವಾಗಿ ಬೆಳೆಸಿದರು. ಹಝ್ರತ್ ಅಲೀ(ರ) ಅದನ್ನು ತಮ್ಮ ರಾಜಧಾನಿಯಾಗಿಸಿಕೊಂಡರು. ಹಿಜರಿ 40ರಲ್ಲಿ ಅದೇ ನಗರದ ಮಸೀದಿಯಲ್ಲಿ ಮಾರಕ ಹಲ್ಲೆಗೊಳಗಾದರು. ಕೂಫಾದವರಿಗೆ ಅಹ್ಲ್ ಬೈತ್‌ನ ಮೇಲೆ ಪ್ರೀತಿಯಿತ್ತು. ಅದು ನಟನೆಯ ಪ್ರೀತಿಯಾಗಿರಲಿಲ್ಲ ಎಂಬುದನ್ನು ನಾವು ಮೊದಲೇ ಒಪ್ಪಿಕೊಳ್ಳಬೇಕು.

ಆ ನಗರದ ಜೀವನ ಕ್ರಮದಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಅಲ್ಲಿನ ಅರಬ್ ಕುಟುಂಬಗಳ ಬಹುಪಾಲು ಜನರ ಹೆಸರು ದೀವಾನ್ ಎಂಬ ಸರಕಾರಿ ದಫ್ತರದಲ್ಲಿತ್ತು. ಬೈತುಲ್‌ಮಾಲ್‌ನಿಂದ ಅವರಿಗೆ ನಿಯತವಾಗಿ 'ಅತಾ' ಎಂಬ ವೇತನ ದೊರೆಯುತ್ತಿತ್ತು. ಅದನ್ನು ಹಂಚಲು ಜನರನ್ನು ಸಣ್ಣ ಸಣ್ಣ ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿಗೂ 'ಅರೀಫ್' ಎಂಬ ಹೊಣೆಗಾರನನ್ನು ನೇಮಿಸಲಾಗಿತ್ತು. ಯಾರಿಗೆ ಮಗು ಹುಟ್ಟಿತು, ಯಾರು ತೀರಿಕೊಂಡರು, ಯಾರ ಮನೆಗೆ ಯಾರು ಬಂದರು ಎಂಬುದೆಲ್ಲ ಅರೀಫನಿಗೆ ತಿಳಿದಿರುತ್ತಿತ್ತು. ಉಮರ್(ರ)ರ ಕಾಲದಲ್ಲಿ ಜನರಿಗೆ ಹಕ್ಕನ್ನು ತಲುಪಿಸಲೆಂದು ಹುಟ್ಟಿದ ವ್ಯವಸ್ಥೆಯಿದು. ಅದೇ ವ್ಯವಸ್ಥೆ ಮುಂದೆ ಜನರ ಕೊರಳಿಗೆ ಹಗ್ಗವಾಯಿತು.

ಮೌನದ ಪಾಠವೂ ಒಂದೇ ದಿನದಲ್ಲಿ ಕಲಿಸಿದ್ದಲ್ಲ. ಹಿಜರಿ 51ರಲ್ಲಿ ಕೂಫಾದ ರಾಜ್ಯಪಾಲ ಝಿಯಾದ್, ತನ್ನ ಆಡಳಿತವನ್ನು ಬಹಿರಂಗವಾಗಿ ವಿರೋಧಿಸಿದ ಹುಜ್ರ್ ಬಿನ್ ಅದೀ ಮತ್ತು ಅವರ ಸಂಗಾತಿಗಳನ್ನು ಬಂಧಿಸಿ ದಮಸ್ಕಸ್‌ಗೆ ಕಳುಹಿಸಿದನು. ಅವರ ವಿರುದ್ಧ ನಗರದ ಪ್ರಮುಖರಿಂದಲೇ ಸಾಕ್ಷಿಪತ್ರ ಬರೆಸಲಾಯಿತು. ಹುಜ್ರ್ ಮತ್ತು ಅವರ ಕೆಲವು ಸಂಗಾತಿಗಳು ಮರ್ಜ್ ಅಝ್ರಾ ಎಂಬಲ್ಲಿ ವಧಿಸಲ್ಪಟ್ಟರು. ಅವರು ಆರಾಧನೆ ಮತ್ತು ಸಂಯಮಕ್ಕೆ ಹೆಸರಾಗಿದ್ದವರು. ಆದರೂ ನಗರ ಏಳಲಿಲ್ಲ. ನೆರೆಯವನು ಬಂಧಿತನಾದಾಗ ಬಾಗಿಲು ಹಾಕಿಕೊಂಡರೆ ತನ್ನ ಮನೆ ಉಳಿಯುತ್ತದೆಂದು ಕೂಫಾ ಆಗಲೇ ನಂಬಿತು.

ಪತ್ರಗಳು ಮತ್ತು ಪ್ರತಿಜ್ಞೆಗಳು

ಹಿಜರಿ 60ರ ರಜಬ್‌ನಲ್ಲಿ ಮುಆವಿಯಾ(ರ) ನಿಧನರಾದರು. ಮೊದಲೇ ನಿಶ್ಚಯಿಸಿದಂತೆ ಅವರ ಮಗ ಯಝೀದ್ ಅಧಿಕಾರಕ್ಕೆ ಬಂದನು. ಖುಲಫಾಉರ್ರಾಶಿದೀನ್‌ಗಳ ಕಾಲದಲ್ಲಿ ಯಾವ ಖಲೀಫರೂ ತಮ್ಮ ಮಗನಿಗೆ ಅಧಿಕಾರವನ್ನು ಬಿಟ್ಟುಹೋಗಿರಲಿಲ್ಲ. ಅಬೂಬಕ್ಕರ್(ರ) ಅಧಿಕಾರ ವಹಿಸಿಕೊಂಡ ದಿನವೇ, ತಾವು ತಪ್ಪಿದರೆ ತಮ್ಮನ್ನು ತಿದ್ದಬೇಕೆಂದು ಜನರನ್ನು ಕೇಳಿಕೊಂಡಿದ್ದರು. ಸಮಾಲೋಚನೆಯ ಆ ಪರಂಪರೆ ಈಗ ವಂಶಾಡಳಿತಕ್ಕೆ ತಿರುಗಿತು. ಹುಸೈನ್(ರ) ಮತ್ತು ಅಬ್ದುಲ್ಲಾ ಬಿನ್ ಝುಬೈರ್(ರ) ಬೈಅತ್ ಮಾಡಲು ಒಪ್ಪದೆ ಮದೀನಾದಿಂದ ಮಕ್ಕಾಕ್ಕೆ ತೆರಳಿದರು.

ಸುದ್ದಿ ತಿಳಿದ ಕೂಫಾದ ಜನರು ಸುಲೈಮಾನ್ ಬಿನ್ ಸುರದ್(ರ)ರ ಮನೆಯಲ್ಲಿ ಸಭೆ ಸೇರಿದರು. ನಮಗೆ ನಾಯಕರಿಲ್ಲ, ತಾವು ಬನ್ನಿ ಎಂದು ಮಕ್ಕಾಕ್ಕೆ ಪತ್ರಗಳು ಹೋದವು. ಒಂದರ ಹಿಂದೆ ಒಂದರಂತೆ ದೂತರು ಚೀಲಗಳ ತುಂಬ ಪತ್ರ ಹೊತ್ತು ತಂದರು. ಗೋತ್ರಗಳ ಮುಖಂಡರೂ ಅವಕ್ಕೆ ಹೆಸರು ಹಾಕಿದ್ದರು. ನಿಜಸ್ಥಿತಿಯನ್ನು ಅರಿತು ಬರಲು ಹುಸೈನ್(ರ) ತಮ್ಮ ದೊಡ್ಡಪ್ಪ ಅಕೀಲ್‌ರ ಮಗ ಮುಸ್ಲಿಮ್‌ರನ್ನು ಕಳುಹಿಸಿದರು. ಮುಸ್ಲಿಮ್ ಬಿನ್ ಅಕೀಲ್ ಕೂಫಾ ತಲುಪಿದಾಗ ಜನರು ಅಳುತ್ತಾ ಬಂದು ಕೈಗೆ ಕೈಯಿಟ್ಟು ಪ್ರತಿಜ್ಞೆ ಮಾಡಿದರು. ಅವರ ಸಂಖ್ಯೆ 12,000 ಎಂದೂ 18,000 ಎಂದೂ ಇತಿಹಾಸಕಾರರು ದಾಖಲಿಸಿದ್ದಾರೆ. ಎಲ್ಲವೂ ಅನುಕೂಲವಾಗಿದೆ, ಬನ್ನಿ ಎಂದು ಮುಸ್ಲಿಮ್ ಬರೆದರು. ಆ ಪತ್ರ ಬರೆದ ಸಮಯಕ್ಕೆ ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮುಖ ಮುಚ್ಚಿಕೊಂಡು ಬಂದವನು

ಆಗ ಕೂಫಾದ ರಾಜ್ಯಪಾಲರಾಗಿದ್ದವರು ಸಹಾಬಿ ನುಅಮಾನ್ ಬಿನ್ ಬಶೀರ್(ರ). ಅವರು ಮೃದು ಸ್ವಭಾವದವರು. ತಮ್ಮ ಮೇಲೆ ಕತ್ತಿ ಎತ್ತದವರ ಮೇಲೆ ತಾವೂ ಎತ್ತಲಾರೆನೆಂದು ಮಿಂಬರ್‌ನಿಂದಲೇ ಹೇಳಿದರು. ಈ ಮೆದುತನ ದಮಸ್ಕಸ್‌ಗೆ ಹಿಡಿಸಲಿಲ್ಲ. ಯಝೀದ್ ಅವರನ್ನು ತೆಗೆದು, ಬಸರಾದ ರಾಜ್ಯಪಾಲನಾಗಿದ್ದ ಉಬೈದುಲ್ಲಾ ಬಿನ್ ಝಿಯಾದ್‌ಗೆ ಕೂಫಾವನ್ನೂ ವಹಿಸಿದನು. ಒಂಬತ್ತು ವರ್ಷಗಳ ಹಿಂದೆ ಹುಜ್ರ್‌ರನ್ನು ಬಂಧಿಸಿದ ಅದೇ ಝಿಯಾದನ ಮಗನೀತ.

ಇಬ್ನು ಝಿಯಾದ್ ಕಪ್ಪು ಮುಂಡಾಸು ಸುತ್ತಿ, ಮುಖ ಮುಚ್ಚಿಕೊಂಡು ನಗರವನ್ನು ಪ್ರವೇಶಿಸಿದನು. ಜನರು ಹುಸೈನ್(ರ) ಬಂದರೆಂದೇ ಭಾವಿಸಿ, ಪ್ರವಾದಿಯ ಸಂತಾನಕ್ಕೆ ಸ್ವಾಗತವೆಂದು ಬೀದಿಯುದ್ದಕ್ಕೂ ಸಲಾಮ್ ಹೇಳಿದರು. ಆತ ಒಂದು ಮಾತನ್ನೂ ಆಡಲಿಲ್ಲ. ಅರಮನೆಯ ಬಾಗಿಲಲ್ಲಿ ಬಂದವನು ಯಾರೆಂದು ತಿಳಿದಾಗ ಆ ಜನಸಂದಣಿ ಸದ್ದಿಲ್ಲದೆ ಕರಗಿತು. ಯಾರ ಮನಸ್ಸು ಯಾರ ಕಡೆಗಿದೆ ಎಂಬುದನ್ನು ಹೊಸ ಆಡಳಿತಗಾರ ಒಂದೇ ದಾರಿಯಲ್ಲಿ ಕಣ್ಣಾರೆ ಕಂಡುಕೊಂಡಿದ್ದನು.

ಆತ ಮೊದಲು ಕೈಹಾಕಿದ್ದು ಕತ್ತಿಗಲ್ಲ, ದಫ್ತರಕ್ಕೆ. ಅರೀಫರನ್ನು ಕರೆಸಿ, ತಮ್ಮ ತಮ್ಮ ಗುಂಪಿನಲ್ಲಿರುವ ಪರಸ್ಥಳದವರ ಮತ್ತು ಸರಕಾರದ ವಿರೋಧಿಗಳ ಹೆಸರು ಬರೆದುಕೊಡಬೇಕೆಂದು ಆದೇಶಿಸಿದನು. ಯಾರ ಗುಂಪಿನಲ್ಲಾದರೂ ತಿಳಿಸದ ವ್ಯಕ್ತಿ ಸಿಕ್ಕರೆ ಆ ಅರೀಫನನ್ನು ಅವನ ಮನೆಬಾಗಿಲಲ್ಲೇ ಶೂಲಕ್ಕೇರಿಸಲಾಗುವುದು, ಇಡೀ ಗುಂಪಿನ ವೇತನ ರದ್ದಾಗುವುದು. ಒಬ್ಬನ ಧೈರ್ಯಕ್ಕೆ ಹತ್ತಾರು ಮನೆಗಳ ಅನ್ನದ ಬೆಲೆ ಕಟ್ಟಿದ ಮೇಲೆ, ಆ ಧೈರ್ಯವಂತನ ಮೇಲೆ ಕಣ್ಣಿಡಲು ಸರಕಾರ ಬೇರೆ ಕಾವಲುಗಾರರನ್ನು ನೇಮಿಸಬೇಕಾಗಲಿಲ್ಲ. ನೆರೆಮನೆಯವರೇ ಸಾಕಾಯಿತು.

ಹಾನಿಯ ಮನೆ

ಮುಸ್ಲಿಮ್ ಬಿನ್ ಅಕೀಲ್ ಈಗ ಮುರಾದ್ ಗೋತ್ರದ ಮುಖಂಡ ಹಾನಿ ಬಿನ್ ಉರ್ವಾರ ಮನೆಯಲ್ಲಿ ಆಶ್ರಯ ಪಡೆದರು. ಅವರ ಅಡಗುದಾಣ ಪತ್ತೆಹಚ್ಚಲು ಇಬ್ನು ಝಿಯಾದ್ ತನ್ನ ಆಳೊಬ್ಬನಿಗೆ 3,000 ದಿರ್ಹಮ್ ಕೊಟ್ಟು, ಹುಸೈನ್(ರ)ರ ಅಭಿಮಾನಿಯ ವೇಷದಲ್ಲಿ ಕಳುಹಿಸಿದನು. ಆತ ಮಸೀದಿಯಲ್ಲಿ ಭಕ್ತನಂತೆ ನಟಿಸಿ, ಹಣವನ್ನು ದೇಣಿಗೆಯಾಗಿ ಕೊಡಬೇಕೆಂದು ಹೇಳಿ, ಕೊನೆಗೆ ಹಾನಿಯ ಮನೆಯನ್ನೇ ಹೊಕ್ಕನು.

ಹಾನಿಯನ್ನು ಅರಮನೆಗೆ ಕರೆಸಲಾಯಿತು. ಅತಿಥಿಯನ್ನು ಒಪ್ಪಿಸು ಎಂದಾಗ ಅವರು ಒಪ್ಪಲಿಲ್ಲ. ಇಬ್ನು ಝಿಯಾದ್ ಕೋಲಿನಿಂದ ಅವರ ಮುಖಕ್ಕೆ ಹೊಡೆದು ಮೂಗು ಮುರಿದನು. ಸುದ್ದಿ ಹಬ್ಬಿ ಗೋತ್ರದವರು ಅರಮನೆಯನ್ನು ಮುತ್ತಿದಾಗ, ನಗರದ ನ್ಯಾಯಾಧೀಶ ಶುರೈಹ್‌ರನ್ನು ಹೊರಗೆ ಕಳುಹಿಸಲಾಯಿತು. ಹಾನಿ ಜೀವಂತವಾಗಿದ್ದಾರೆ ಎಂದು ಅವರು ಹೇಳಿದರು. ಅದು ನಿಜವೇ. ಆದರೆ ರಕ್ತದಲ್ಲಿ ನೆನೆದು ತನ್ನವರ ನೆರವಿಗಾಗಿ ಕಾಯುತ್ತಿದ್ದಾರೆ ಎಂಬ ಇನ್ನರ್ಧ ನಿಜ ಅವರ ಬಾಯಿಂದ ಬರಲಿಲ್ಲ. ಪಕ್ಕದಲ್ಲಿ ಇಬ್ನು ಝಿಯಾದನ ಆಳು ನಿಂತಿದ್ದನು. ಜೀವಂತವಾಗಿದ್ದರೆ ಅಲ್ಲಾಹನಿಗೆ ಸ್ತುತಿ ಎನ್ನುತ್ತಾ ಜನರು ಹಿಂದಿರುಗಿದರು. ಹೊರಟುಹೋಗಲು ಒಂದು ನೆಪ ಬೇಕಿದ್ದವರಿಗೆ ಗೌರವಾನ್ವಿತ ವಿದ್ವಾಂಸರೊಬ್ಬರ ಮಾತೇ ನೆಪವಾಯಿತು. ವಿದ್ಯೆಯ ಹೊಣೆ ಹೊತ್ತ ನಮ್ಮಂಥವರು ಈ ಘಟನೆಯನ್ನು ನಿಧಾನವಾಗಿ, ಎರಡು ಸಲ ಓದಬೇಕು.

ಸಂಜೆಯ ನಮಾಝ್

ಹಾನಿಯ ಬಂಧನದ ಸುದ್ದಿ ತಿಳಿದ ಮುಸ್ಲಿಮ್ ದುಲ್‌ಹಜ್ 8ರಂದು ಬಹಿರಂಗವಾಗಿ ಹೊರಬಂದರು. ಅದೇ ದಿನ ಹುಸೈನ್(ರ), ಈ ಯಾವ ವಿಷಯವೂ ತಿಳಿಯದೆ, ಮಕ್ಕಾದಿಂದ ಕೂಫಾದ ಕಡೆಗೆ ಪಯಣ ಆರಂಭಿಸಿದ್ದರು. ಮುಸ್ಲಿಮ್‌ರ ಕರೆಗೆ ಸುಮಾರು 4,000 ಜನರು ಸೇರಿ ಅರಮನೆಯನ್ನು ಸುತ್ತುವರಿದರು. ಒಳಗೆ ಇಬ್ನು ಝಿಯಾದ್‌ನೊಂದಿಗೆ ಇದ್ದವರು ಮೂವತ್ತು ಕಾವಲುಗಾರರು ಮತ್ತು ನಗರದ ಇಪ್ಪತ್ತು ಮಂದಿ ಪ್ರಮುಖರು ಮಾತ್ರ. ಒಟ್ಟು ಐವತ್ತು ಜನ.

ಆ ಐವತ್ತು ಜನ ಗೆದ್ದದ್ದು ಹೇಗೆ? ಇಬ್ನು ಝಿಯಾದ್ ಕಾವಲುಗಾರರನ್ನು ಬಳಸುವ ಮೊದಲು ಆ ಇಪ್ಪತ್ತು ಪ್ರಮುಖರನ್ನು ಬಳಸಿದನು. ಅವರು ಮಾಳಿಗೆಯ ಮೇಲೆ ನಿಂತು ತಮ್ಮ ತಮ್ಮ ಗೋತ್ರದವರನ್ನು ಕೂಗಿ ಕರೆದರು. ಸಿರಿಯಾದಿಂದ ಸೇನೆ ಬರುತ್ತಿದೆ, ಮನೆಗೆ ಹೋಗಿ; ಹೋಗದಿದ್ದರೆ ನಿಮ್ಮ ಮಕ್ಕಳ ವೇತನ ನಿಲ್ಲುತ್ತದೆ, ತಪ್ಪಿತಸ್ಥನ ಬದಲು ನಿರಪರಾಧಿ ಶಿಕ್ಷೆಗೊಳಗಾಗುತ್ತಾನೆ ಎಂದರು. ಬಂದ ಸೇನೆ ಯಾವುದೂ ಇರಲಿಲ್ಲ. ಆದರೆ ಹೇಳಿದವರು ಊರಿನ ಹಿರಿಯರು, ನ್ಯಾಯ ಪಂಚಾಯಿತಿಯಲ್ಲಿ ಕೂರುವವರು. ಅವರ ಮಾತನ್ನು ಜನರು ನಂಬಿದರು.

ಬಳಿಕ ನಡೆದುದು ಇತಿಹಾಸದ ಪುಟಗಳಲ್ಲಿ ನಮ್ಮನ್ನು ಅತಿಯಾಗಿ ಕಾಡುವ ದೃಶ್ಯ. ತಾಯಂದಿರು, ಅಕ್ಕತಂಗಿಯರು ಗುಂಪಿನೊಳಗೆ ಬಂದು ತಮ್ಮ ಗಂಡುಮಕ್ಕಳ ಕೈಹಿಡಿದು, "ನಡೆ ಮನೆಗೆ, ಉಳಿದವರು ಸಾಕು" ಎಂದು ಎಳೆದುಕೊಂಡು ಹೋದರು. ತಂದೆಯರು ಮಕ್ಕಳನ್ನು, ಅಣ್ಣಂದಿರು ತಮ್ಮಂದಿರನ್ನು ಕರೆದೊಯ್ದರು. ಅವರು ಯಾರೂ ದುಷ್ಟರಲ್ಲ. ಹೆತ್ತ ಕರುಳಿನ ಮಾತು ಅದು. ಊರ ಉಸಾಬರಿ ನಿನಗೇಕೆ ಎಂದು ನಮ್ಮ ಮನೆಗಳಲ್ಲಿ ನಾವು ಆಡುವುದೂ ಅದೇ ಮಾತು. ಆದರೆ ಪ್ರತಿ ಮನೆಯವರೂ ಉಳಿದವರು ಸಾಕು ಎಂದುಕೊಂಡ ಆ ಸಂಜೆ ಉಳಿದವರು ಯಾರೂ ಇರಲಿಲ್ಲ.

ಮಗ್ರಿಬ್ ನಮಾಝಿಗೆ ಮುಸ್ಲಿಮ್‌ರ ಹಿಂದೆ ನಿಂತವರು ಮೂವತ್ತು ಮಂದಿ. ಮಸೀದಿಯಿಂದ ಹೊರಟು ಬಾಗಿಲು ತಲುಪುವಾಗ ಹತ್ತು ಮಂದಿ. ಬಾಗಿಲು ದಾಟಿ ತಿರುಗಿ ನೋಡಿದರೆ ದಾರಿ ತೋರಿಸಲೂ ಒಬ್ಬನಿರಲಿಲ್ಲ. ಸಾವಿರಾರು ಕೈಗಳು ಪ್ರತಿಜ್ಞೆ ಮಾಡಿದ ನಗರದಲ್ಲಿ ಆ ಅತಿಥಿ ಕತ್ತಲೆಯ ಓಣಿಗಳಲ್ಲಿ ಒಬ್ಬಂಟಿಯಾಗಿ ಅಲೆದರು.

ಕೊನೆಗೆ ಕಿಂದಾ ಗೋತ್ರದವರ ಕೇರಿಯಲ್ಲಿ ತೌಆ ಎಂಬ ಮಹಿಳೆ ಹೊರಗೆ ಹೋದ ಮಗನಿಗಾಗಿ ಕಾಯುತ್ತಾ ಬಾಗಿಲಲ್ಲಿ ನಿಂತಿದ್ದರು. ಮುಸ್ಲಿಮ್ ನೀರು ಕೇಳಿದರು. ಆಕೆ ಕೊಟ್ಟರು. ಕುಡಿದ ಮೇಲೂ ಅವರು ಕದಲದಿದ್ದಾಗ, ಮನೆಗೆ ಹೋಗಿ ಎಂದರು. ಈ ಊರಿನಲ್ಲಿ ನನಗೆ ಮನೆಯಿಲ್ಲ ಎಂದು ಹೇಳಿ ಅವರು ತಾನು ಯಾರೆಂದು ತಿಳಿಸಿದರು. ಆಕೆ ಒಳಗೆ ಕರೆದು ಊಟವಿಟ್ಟರು. ಅಪಾಯವೇನೆಂದು ಆಕೆಗೆ ತಿಳಿಯದೆ ಇರಲಿಲ್ಲ. ರಾತ್ರಿ ಮರಳಿದ ಮಗನಿಗೆ ಯಾರಿಗೂ ಹೇಳಬಾರದೆಂದು ಆಣೆಯಿಡಿಸಿದರು. ಬೆಳಗಾದೊಡನೆ ಮಗ ಹೋಗಿ ಸುದ್ದಿ ಮುಟ್ಟಿಸಿದನು.

ಏಕಾಂಗಿಯಾಗಿ ಹೋರಾಡಿ ಗಾಯಗೊಂಡ ಮುಸ್ಲಿಮ್‌ರಿಗೆ ಅಭಯದ ಮಾತು ಕೊಟ್ಟು ಬಂಧಿಸಲಾಯಿತು. ಇಬ್ನು ಝಿಯಾದ್ ಆ ಮಾತನ್ನು ಲೆಕ್ಕಿಸಲಿಲ್ಲ. ಮುಸ್ಲಿಮ್ ಆಗ ಅತ್ತರು. ತನಗಾಗಿ ಅಲ್ಲ, ತನ್ನ ಪತ್ರವನ್ನು ನಂಬಿ ಹೊರಟಿರುವ ಹುಸೈನ್(ರ)ರಿಗಾಗಿ, ಅವರ ಜೊತೆಯಲ್ಲಿರುವ ಹೆಂಗಸರು ಮಕ್ಕಳಿಗಾಗಿ. ಅವರನ್ನು ಅರಮನೆಯ ಮಾಳಿಗೆಯ ಮೇಲೆ ವಧಿಸಲಾಯಿತು. ಹಾನಿಯನ್ನು ಸಂತೆಬೀದಿಗೆ ಎಳೆದು ತಂದರು. ಅವರು ತಮ್ಮ ಗೋತ್ರದವರ ಹೆಸರು ಹಿಡಿದು ಕೂಗಿದರು. ಯಾರೂ ಬರಲಿಲ್ಲ.

ಹೃದಯ ಮತ್ತು ಕತ್ತಿ

ಮಾರ್ಗಮಧ್ಯದಲ್ಲಿ ಹುಸೈನ್(ರ)ರನ್ನು ಭೇಟಿಯಾದ ಕವಿ ಫರಝ್ದಕ್, ಕೂಫಾದವರ ಹೃದಯ ತಮ್ಮೊಂದಿಗಿದೆ, ಕತ್ತಿ ಬನೂ ಉಮಯ್ಯಾದವರೊಂದಿಗಿದೆ ಎಂಬರ್ಥದ ಮಾತು ಹೇಳಿದ್ದನೆಂದು ಪ್ರಸಿದ್ಧವಾಗಿದೆ. ಹಿಜರಿ 61ರ ಮುಹರ್ರಮ್ 10ರಂದು, ಕ್ರಿ.ಶ. 680ರ ಅಕ್ಟೋಬರ್ 10ರಂದು, ಅದು ಅಕ್ಷರಶಃ ನಿಜವಾಯಿತು. ಕರ್ಬಲಾದಲ್ಲಿ ಸುಮಾರು 72 ಮಂದಿಯನ್ನು ಎದುರಿಸಿದ ಸೇನೆ ಕೂಫಾದಿಂದಲೇ ಬಂದದ್ದು. ಅದರ ನಾಯಕ ಉಮರ್ ಬಿನ್ ಸಅದ್, ಆ ನಗರವನ್ನು ಸ್ಥಾಪಿಸಿದ ಸಹಾಬಿಯ ಮಗ. ಆತನಿಗೆ ರೈ ಪ್ರಾಂತದ ಆಡಳಿತದ ಆಮಿಷವಿತ್ತು. ಪತ್ರಕ್ಕೆ ಹೆಸರು ಹಾಕಿದ್ದ ಮುಖಂಡರಲ್ಲಿ ಕೆಲವರು ಆ ಸೇನೆಯ ಸಾಲಿನಲ್ಲಿದ್ದರು. ಹುಸೈನ್(ರ) ಅವರನ್ನು ಹೆಸರು ಹಿಡಿದು ಕರೆದು, ನೀವು ಬರೆದಿರಲಿಲ್ಲವೇ ಎಂದು ಕೇಳಿದಾಗ ಅವರು ಇಲ್ಲವೆಂದರು.

ಆದರೆ ಕೂಫಾದವರೆಲ್ಲ ವಚನಭ್ರಷ್ಟರು ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ನ್ಯಾಯವಲ್ಲ. ಹುಸೈನ್(ರ)ರ ಜೊತೆ ಹುತಾತ್ಮರಾದ ಹಬೀಬ್ ಬಿನ್ ಮುಝಾಹಿರ್, ಮುಸ್ಲಿಮ್ ಬಿನ್ ಔಸಜಾ ಕೂಫಾದವರೇ. ಸಾವಿರ ಕುದುರೆ ಸವಾರರೊಂದಿಗೆ ಹುಸೈನ್(ರ)ರ ದಾರಿ ತಡೆದು, ಕೊನೆಯ ಗಳಿಗೆಯಲ್ಲಿ ಪಶ್ಚಾತ್ತಾಪಪಟ್ಟು ಅವರ ಪಕ್ಕಕ್ಕೆ ಬಂದು ಪ್ರಾಣ ಕೊಟ್ಟ ಹುರ್ರ್ ಕೂಡ ಕೂಫಾದವರೇ. ಆಮೇಲೆ ಇಬ್ನು ಝಿಯಾದ್ ಮಸೀದಿಯಲ್ಲಿ ವಿಜಯದ ಭಾಷಣ ಮಾಡುತ್ತಿದ್ದಾಗ ಎದ್ದು ಪ್ರತಿಭಟಿಸಿದವರು ಅಬ್ದುಲ್ಲಾ ಬಿನ್ ಅಫೀಫ್. ಜಮಲ್ ಮತ್ತು ಸಿಫ್ಫೀನ್ ಯುದ್ಧಗಳಲ್ಲಿ ಎರಡು ಕಣ್ಣುಗಳನ್ನೂ ಕಳೆದುಕೊಂಡಿದ್ದ ವೃದ್ಧ. ಕಣ್ಣಿದ್ದವರು ತುಂಬಿದ್ದ ಮಸೀದಿಯಲ್ಲಿ ಮಾತನಾಡಿದವರು ಅವರು. ಅದಕ್ಕೆ ಪ್ರಾಣದ ಬೆಲೆ ತೆತ್ತರು. ಒಂದೇ ನಗರ, ಒಂದೇ ವೇತನ, ಒಂದೇ ಭಯ. ಆದರೂ ಆಯ್ಕೆಗಳು ಬೇರೆಯಾಗಿದ್ದವು.

ತಡವಾದ ಕಣ್ಣೀರು

ಉಳಿದವರಿಗೆ ಪಶ್ಚಾತ್ತಾಪ ಬಂತು. ನಾಲ್ಕು ವರ್ಷಗಳ ಬಳಿಕ, ಹಿಜರಿ 65ರಲ್ಲಿ, ಅದೇ ಸುಲೈಮಾನ್ ಬಿನ್ ಸುರದ್(ರ)ರ ನೇತೃತ್ವದಲ್ಲಿ 'ತವ್ವಾಬೂನ್', ಅಂದರೆ ಪಶ್ಚಾತ್ತಾಪಪಟ್ಟವರು, ಎಂಬ ಗುಂಪು ಹೊರಟಿತು. ಹೆಸರು ಬರೆಸಿದವರು 16,000. ಸೇರಬೇಕಾದ ಜಾಗಕ್ಕೆ ಬಂದವರು ಸುಮಾರು 4,000. ಅವರು ಐನುಲ್ ವರ್ದಾದಲ್ಲಿ ಸಿರಿಯಾದ ಸೇನೆಯನ್ನು ಎದುರಿಸಿ ಬಹುಪಾಲು ಮಡಿದರು. ಅವರ ಪ್ರಾಮಾಣಿಕತೆಯ ಬಗ್ಗೆ ಸಂಶಯವಿಲ್ಲ. ಆದರೆ ಮುಸ್ಲಿಮ್ ಬಿನ್ ಅಕೀಲ್‌ರ ಆ ಸಂಜೆ ಇದೇ 4,000 ಜನರು ನಿಂತಲ್ಲಿಯೇ ನಿಂತಿದ್ದರೆ!

ಕಥೆ ಅಲ್ಲಿಗೂ ಮುಗಿಯಲಿಲ್ಲ. ಹಿಜರಿ 75ರಲ್ಲಿ ಮತ್ತೊಬ್ಬನು ಮುಖ ಮುಚ್ಚಿಕೊಂಡು ಕೂಫಾದ ಮಸೀದಿಗೆ ಬಂದು ಮಿಂಬರ್ ಏರಿ ಮೌನವಾಗಿ ಕುಳಿತನು. ಆತ ಹಜ್ಜಾಜ್ ಬಿನ್ ಯೂಸುಫ್. ಅವನತ್ತ ಎಸೆಯಲು ಬೆಣಚುಕಲ್ಲು ಹಿಡಿದಿದ್ದವರ ಕೈಯಿಂದ, ಅವನು ಮಾತನಾಡತೊಡಗಿದಾಗ, ಕಲ್ಲುಗಳು ತಾವಾಗಿ ಜಾರಿ ಬಿದ್ದುವಂತೆ. ಆತ ಇರಾಕನ್ನು ಇಪ್ಪತ್ತು ವರ್ಷ ಆಳಿದನು. ಹುಜ್ರ್‌ರ ಕಾಲಕ್ಕೆ ಒಂದು ಮಾತಿನಿಂದ ತಡೆಯಬಹುದಾಗಿದ್ದ ದಬ್ಬಾಳಿಕೆಗೆ ಮಕ್ಕಳ ಕಾಲಕ್ಕೆ ಪ್ರಾಣವೂ ಸಾಲದೆ ಹೋಯಿತು.

ನಮ್ಮ ಬಾಗಿಲು

ನಾಯಕತ್ವ ಎಲ್ಲಿ ಸೋತಿತು? ದಮಸ್ಕಸ್‌ನಲ್ಲಿ ಸಮಾಲೋಚನೆ ಸತ್ತಿತು. ಅದು ಮೊದಲ ಸೋಲು. ಕೂಫಾದಲ್ಲಿ ಜನರ ಮತ್ತು ಅರಮನೆಯ ನಡುವೆ ನಿಂತಿದ್ದ ಹಿರಿಯರು ಜನರ ಪರವಾಗಿ ಅರಮನೆಗೆ ಹೇಳುವ ಬದಲು ಅರಮನೆಯ ಪರವಾಗಿ ಜನರಿಗೆ ಹೇಳಿದರು. ಅದು ಎರಡನೆಯದು. ವಿದ್ಯಾವಂತರು ಅರ್ಧ ನಿಜ ಹೇಳಿದರು. ಮನೆಗಳು ಉಳಿದವರು ಸಾಕು ಎಂದವು. ಇವುಗಳಲ್ಲಿ ಯಾವುದು ದೊಡ್ಡ ತಪ್ಪು ಎಂದು ವಾದಿಸುತ್ತಾ ಕೂರಬಹುದು. ಆದರೆ ನಮ್ಮ ಕೈಯಲ್ಲಿರುವುದು ಕೊನೆಯದು ಮಾತ್ರ.

ಸೂರಃ ಅಲ್ ಅಅ್‌ರಾಫ್‌ನಲ್ಲಿ ಸಬ್ಬತ್‌ನ ನಿಯಮ ಮುರಿದ ಕಡಲತೀರದ ಊರಿನ ಪ್ರಸಂಗವಿದೆ. ಅಲ್ಲಿ ಮೂರು ಗುಂಪುಗಳಿದ್ದವು: ತಪ್ಪು ಮಾಡಿದವರು, ಅವರನ್ನು ತಡೆದವರು, ಮತ್ತು ತಡೆದವರನ್ನು ಕುರಿತು ನಿಮಗೇಕೆ ಈ ಕೆಲಸ ಎಂದವರು. ತಡೆದವರು ಪಾರಾದರೆಂದೂ ತಪ್ಪು ಮಾಡಿದವರು ಶಿಕ್ಷೆಗೊಳಗಾದರೆಂದೂ ಕುರ್‌ಆನ್ ಹೇಳುತ್ತದೆ. ಮೂರನೆಯವರ ಗತಿಯೇನಾಯಿತೆಂದು ಅಲ್ಲಿ ಸ್ಪಷ್ಟವಾಗಿ ಹೇಳಿಲ್ಲ. ವ್ಯಾಖ್ಯಾನಕಾರರು ಅದನ್ನು ಇಂದಿಗೂ ಚರ್ಚಿಸುತ್ತಾರೆ. ಮೌನವಾಗಿದ್ದವರ ಬಗ್ಗೆ ಆ ಮೌನವನ್ನು ಓದುವಾಗ ನಮ್ಮ ಮೈ ಜುಮ್ಮೆನ್ನುತ್ತದೆ.

ದೂರದ ದಬ್ಬಾಳಿಕೆಯನ್ನು ಖಂಡಿಸುವುದು ಸುಲಭ. ನಮ್ಮ ಮೊಹಲ್ಲಾದ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದಿದಾಗ ಸಂದೇಹವಿದ್ದರೂ ಎಷ್ಟು ಮಂದಿ ಕೈಯೆತ್ತುತ್ತೇವೆ? ಬಡವನ ಮನೆಯ ಜಗಳದಲ್ಲಿ ಶ್ರೀಮಂತನ ಪರವಾಗಿ ತೀರ್ಪಾದಾಗ ಎಷ್ಟು ಮಂದಿ ಎದ್ದು ನಿಲ್ಲುತ್ತೇವೆ? ಸಭೆ ಮುಗಿದ ಮೇಲೆ ಚಹಾದಂಗಡಿಯಲ್ಲಿ ಆಡುವ ಮಾತನ್ನು ಸಭೆಯಲ್ಲಿ ಆಡುವುದಿಲ್ಲ. ಅಲ್ಲಿ ಇಬ್ನು ಝಿಯಾದ್ ಇಲ್ಲ, ಶೂಲವೂ ಇಲ್ಲ. ಹಾಗಿದ್ದೂ ಬಾಯಿ ತೆರೆಯದ ನಾವು ಶೂಲದ ಮುಂದೆ ನಿಂತ ಕೂಫಾದವರನ್ನು ಹಳಿಯುವುದು ಎಷ್ಟು ಸರಿ? ಅತ್ಯಾಚಾರಿ ಅರಸನ ಮುಂದೆ ನ್ಯಾಯದ ಮಾತಾಡುವುದನ್ನು ಪ್ರವಾದಿವರ್ಯರು(ಸ) ಶ್ರೇಷ್ಠ ಜಿಹಾದ್ ಎಂದರು. ಅಂಥ ಮಾತು ಒಂದು ದಿನ ಬೆಳಗಾಗುವುದರೊಳಗೆ ನಾಲಗೆಗೆ ಬರುವುದಿಲ್ಲ. ಸಣ್ಣ ಸಭೆಗಳಲ್ಲಿ ವಿನಯದಿಂದ, ಸಾಕ್ಷ್ಯದೊಂದಿಗೆ, ಯಾರ ಮಾನಕ್ಕೂ ಧಕ್ಕೆ ತರದೆ ಪ್ರಶ್ನೆ ಕೇಳಿ ರೂಢಿಯಾದವರಿಗೆ ಅದು ಬರುತ್ತದೆ. ಮಕ್ಕಳಿಗೆ ಆ ರೂಢಿಯನ್ನು ಕಲಿಸಬೇಕಾದ ಮೊದಲ ಮದ್ರಸ ಮನೆ.

ಆ ಬಾಲಕಿಗೆ ನಾವು ಅಂದು ಕೊಡದ ಉತ್ತರ ಇದು: ಮಗಳೇ, ಪತ್ರ ಬರೆದವರಲ್ಲಿ ಹೆಚ್ಚಿನವರು ಆ ದಿನ ತಮ್ಮ ಮನೆಗಳಲ್ಲಿದ್ದರು. ಅವರು ಹುಸೈನ್(ರ)ರನ್ನು ಪ್ರೀತಿಸುತ್ತಿದ್ದರು, ಬಹುಶಃ ಅವರಿಗಾಗಿ ದುಆ ಮಾಡುತ್ತಲೂ ಇದ್ದರು. ಬಾಗಿಲು ಮಾತ್ರ ತೆರೆಯಲಿಲ್ಲ. ಆ ನಗರದಲ್ಲಿ ಒಂದು ರಾತ್ರಿ ಬಾಗಿಲು ತೆರೆದವರು ಯಾವ ಪತ್ರಕ್ಕೂ ಹೆಸರು ಹಾಕಿರದ, ಯಾವ ಸಭೆಗೂ ಹೋಗಿರದ ಒಬ್ಬ ತಾಯಿ. ಆಕೆ ಕೊಟ್ಟದ್ದು ಒಂದು ಬಟ್ಟಲು ನೀರು ಮತ್ತು ಒಂದು ರಾತ್ರಿಯ ಆಸರೆ. ಕೂಫಾದ ಇಪ್ಪತ್ತು ಪ್ರಮುಖರ ಹೆಸರನ್ನು ನಾವು ಮರೆತಿದ್ದೇವೆ. ತೌಆ ಎಂಬ ಹೆಸರನ್ನು ಇತಿಹಾಸ ಇಂದಿಗೂ ಗೌರವದಿಂದ ಉಚ್ಚರಿಸುತ್ತದೆ.

ಅಲ್ಲಾಹನು ನಮ್ಮ ಹೃದಯ ಮತ್ತು ನಾಲಗೆಯನ್ನು ಒಂದಾಗಿಸಲಿ. ಆಮೀನ್.